ಉಂಡೆ ಹಿಡಿದ ಸಿಪಾಯಿ

ತಲೆ ಕಡಿಸಿಕೊಂಡ ಸಿಪಾಯಿಯೊಬ್ಬನ ಕೈಗೆ ತಿನ್ನುವ ಉಂಡೆ ಕೊಟ್ಟವನು ನಾನು. ಬೇಕೆಂದು ಕೊಟ್ಟದ್ದಲ್ಲ. ಮಾಗಡಿ ರಸ್ತೆಯ ಪ್ರೆಸ್ಸೊಂದರಲ್ಲಿ ಅಚ್ಚುಮೊಳೆ ಜೋಡಿಸುತ್ತಿದ್ದ ಕಾಲ ಅದು. ನನ್ನಂಥ ಕಂಪೋಸಿಟರ್ ಇಡೀ ಮೈಸೂರು ಸೀಮೆಯಲ್ಲೇ ಇಲ್ಲವೆಂದು ನಾನೊಬ್ಬನೇ ನಂಬಿದ್ದೆ.

ಆ ಸಿಪಾಯಿಯನ್ನು ಕಥೆಯಲ್ಲಿ ಹುಟ್ಟಿಸಿದವರು ಒಬ್ಬ ಟೀಚರ್. ರಾಜಾಜಿನಗರದಲ್ಲಿ ಮನೆಗಳಿಗಿಂತ ಸೈಟಿನ ಕಲ್ಲುಗಳೇ ಹೆಚ್ಚಿದ್ದಾಗ ಅಲ್ಲಿನ ಹೆಣ್ಣುಮಕ್ಕಳ ಮಿಡ್ಲ್ ಸ್ಕೂಲಿನಲ್ಲಿ ಚರಿತ್ರೆ ಕಲಿಸುತ್ತಿದ್ದರು. ಅವರ ಬಲಗಡೆಯ ಹುಬ್ಬು ಎಡದ್ದಕ್ಕಿಂತ ಒಂದು ಗೆರೆ ಮೇಲಿತ್ತು. ನಾನು ಏನು ಹೇಳಿದರೂ ನಂಬದವರ ಹಾಗೆ ಕಾಣುತ್ತಿದ್ದರು. ಬಹುಮಟ್ಟಿಗೆ ಅದು ಸರಿಯೇ. ಮಕ್ಕಳಿಗೆಂದು ಪಾಳೇಗಾರರ ಕಾಲದ ದೆವ್ವದ ಕಥೆ ಬರೆಯುತ್ತಿದ್ದರು. ಹೆದರಿಸುವ ಜಾಗ ಬಂದರೆ ದನಿ ಏರಿಸುತ್ತಿರಲಿಲ್ಲ, ಇಳಿಸುತ್ತಿದ್ದರು. ಪ್ರೆಸ್ಸಿನಲ್ಲಿ ನಿಂತು ಪ್ರೂಫ್ ಓದುವಾಗ ಅಚ್ಚಿನ ಟ್ರೆಡಲ್ ಯಂತ್ರ ತುಳಿಯುವವನ ಕಾಲು ತಾನಾಗಿ ನಿಲ್ಲುತ್ತಿತ್ತು. "ಮಗೂಗೆ ಚಳಿ ಹತ್ತಬೇಕು, ಜ್ವರ ಬರಬಾರ್ದು" ಎನ್ನುವರು.

ಅವರ ಮೊದಲ ಪುಸ್ತಕ ಅಚ್ಚಾಗುವುದು ಒಂದೇ ಒಂದು ಓದಿನ ಮೇಲೆ ನಿಂತಿತ್ತು. ಹೆಡ್‌ಮಾಸ್ಟರಿಗೆ ದೆವ್ವ ಅಂದರೆ ಆಗದು. "ಕ್ಲಾಸಲ್ಲಿ ಒಂದು ಕಥೆ ಓದಿ ನೋಡೋಣಮ್ಮ. ಮಕ್ಕಳು ಕೂತು ಕೇಳಿದ್ರೆ ಸ್ಕೂಲಿಗೆ ತಗೊಳ್ಳೋಣ. ಗಲಾಟೆ ಮಾಡಿದ್ರೆ ಬಿಟ್ಬಿಡಿ" ಎಂದಿದ್ದರು. ಸ್ಕೂಲು ಕೊಳ್ಳದಿದ್ದರೆ ಪುಸ್ತಕ ಅಚ್ಚು ಹಾಕುವುದಿಲ್ಲ ಎಂದಿದ್ದರು ನಮ್ಮ ಪ್ರೆಸ್ಸಿನ ಯಜಮಾನರು.

ಆ ದಿನ ನಾನು ಎಂದಿನಂತೆ ತಡ. ಓದಿಗೆಂದು ಜೋಡಿಸಿದ್ದ ಒಂದು ಕಥೆಯ, ಮಸಿ ಆರದ ಪ್ರೂಫ್ ಹಾಳೆಗಳನ್ನು ನೇರ ಕ್ಲಾಸಿಗೇ ತಂದುಕೊಟ್ಟೆ. ತಿದ್ದಲು ಅವರಿಗೆ ಪುರುಸೊತ್ತಿರಲಿಲ್ಲ. ಓದುತ್ತ ಓದುತ್ತ ದನಿ ಇಳಿಯಿತು. ತಲೆಯಿಲ್ಲದ ಸಿಪಾಯಿ ಕೋಟೆಬಾಗಿಲಿಗೆ ಬಂದ. "ಅವನ ಕೈಯಲ್ಲಿ ಅವನದೇ..." ತುಸು ತಡೆದು, ಹಾಳೆಯಲ್ಲಿದ್ದದ್ದನ್ನೇ ಓದಿಬಿಟ್ಟರು. "ಉಂಡೆ."

ಅವರು ಬರೆದದ್ದು 'ರುಂಡ'. ಕೈಬರಹದ 'ರು' ನನ್ನ ಕಣ್ಣಿಗೆ 'ಉ' ಆಗಿತ್ತು. 'ಉಂಡ' ಹಿಡಿದು ಬರುವುದು ಹೇಗೆ, ಪಾಪ ಟೀಚರ್ ಎತ್ವ ಮರೆತಿದ್ದಾರೆ ಎಂದು ದೊಡ್ಡ ಮನಸ್ಸು ಮಾಡಿ ನಾನೇ ಹಾಕಿದ್ದೆ.

ಕ್ಲಾಸು ಬಿದ್ದು ಬಿದ್ದು ನಕ್ಕಿತು. "ಎಳ್ಳುಂಡೇನಾ ಮಿಸ್, ರವೆ ಉಂಡೇನಾ?" ಎಂದಳು ಮುಂದಿನ ಬೆಂಚಿನ ಹುಡುಗಿ. ಹಿಂದೆ ಕೂತಿದ್ದ ಹೆಡ್‌ಮಾಸ್ಟರು ಎದ್ದರು. ನಾನು ಬಾಗಿಲ ಹಿಂದೆ ಇನ್ನೊಂದು ಬಾಗಿಲಾಗಲು ನೋಡುತ್ತಿದ್ದೆ.

ಟೀಚರ್ ಹಾಳೆ ಮಡಿಸಿದರು. "ಎಳ್ಳುಂಡೆ" ಎಂದರು, ಇನ್ನೂ ಮೆತ್ತಗೆ. "ಲಡಾಯಿಗೆ ಹೊರಟಾಗ ಅವರಮ್ಮ ಬಟ್ಟೇಲಿ ಕಟ್ಟಿ ಕೊಟ್ಟಿದ್ಳು. ಆಮೇಲೆ ತಿನ್ನೋಣ ಅಂತ ಇಟ್ಕೊಂಡಿದ್ದ. ಈಗ ಮನೆಮನೆ ಬಾಗಿಲಿಗೂ ಬರ್ತಾನೆ. ಉಂಡೆ ಮುಂದಕ್ಕೆ ಹಿಡೀತಾನೆ. ಏನೂ ಕೇಳಲ್ಲ. ಹೇಗೆ ಕೇಳ್ತಾನೆ? ಹೇಗೆ ತಿಂತಾನೆ?"

ನಗು ಎಲ್ಲಿ ಹೋಯಿತೋ. ಪ್ರಶ್ನೆ ಕೇಳಿದ್ದ ಹುಡುಗಿ ತನ್ನ ಬಾಯಿಯನ್ನು ತಾನೇ ಮುಟ್ಟಿ ನೋಡಿಕೊಂಡಳು. ಹೆಡ್‌ಮಾಸ್ಟರು ಮತ್ತೆ ಕೂತವರು ಕಥೆ ಮುಗಿಯುವ ತನಕ ಏಳಲಿಲ್ಲ.

ಪುಸ್ತಕ ಬಂತು. ಟೀಚರ್ ಈಗಿಲ್ಲ. ಅಂದು ಕ್ಲಾಸಿನಿಂದ ಹೊರಗೆ ಬಂದಾಗ ನಾನು ಕೈ ಕಟ್ಟಿಕೊಂಡು, "ತಪ್ಪಾಯ್ತು ಟೀಚರ್, ಈಗ್ಲೇ ಹೋಗಿ ರುಂಡ ಮಾಡ್ಬಿಡ್ತೀನಿ" ಎಂದೆ.

"ಬೇಡ ಕಣಪ್ಪ, ಹಾಗೇ ಇರ್ಲಿ" ಎಂದರು. "ಅವನಿಗೆ ತಲೆ ಇಲ್ಲ ಅಂತಷ್ಟೇ ಇಷ್ಟು ದಿನ ನಂಗೆ ಗೊತ್ತಿತ್ತು. ಹಸಿವಿದೆ ಅಂತ ಗೊತ್ತಿರ್ಲಿಲ್ಲ."