ಕೋಳಿಯ ತಲೆ ತಿರುಗಿದ್ದು ಯಾರ ಕಡೆಗೆ?

ಬೆಳಗಿನ ಐದೂವರೆ. ಚಿಯಾಯಿ ಊರಿನ ನರ್ಸಿಂಗ್ ಕಾಲೇಜಿನ ಹೆಣ್ಣುಮಕ್ಕಳ ಹಾಸ್ಟೆಲು ಎರಡು ತಿಂಗಳ ರಜೆ ಮುಗಿಸಿ ಇವತ್ತು ಬಾಗಿಲು ತೆರೆಯುತ್ತಿದೆ. ಮೊದಲ ಹುಡುಗಿ ಬರಲು ಇನ್ನೂ ಎರಡು ಗಂಟೆ ಇದೆ. ಅಷ್ಟರಲ್ಲೇ ಹಾಸ್ಟೆಲಿನ ಮೇಲ್ವಿಚಾರಕಿ ಜಿಯಾಂಗ್ ಬಿಯುನ್ ನಾಲ್ಕೂ ಮಹಡಿ ಹತ್ತಿ ಇಳಿದಾಗಿದೆ. ಹಾಸಿಗೆ ಎತ್ತಿ ನೋಡುತ್ತಾರೆ, ನಲ್ಲಿ ತಿರುಗಿಸಿ ನೀರಿನ ಬಣ್ಣ ನೋಡುತ್ತಾರೆ, ಕಿಟಕಿಯ ಚಿಲಕ ಎಳೆಯುತ್ತಾರೆ. ಎಳೆದದ್ದನ್ನೇ ಇನ್ನೊಮ್ಮೆ ಎಳೆಯುತ್ತಾರೆ. ಎಲ್ಲ ಸರಿಯಿದೆಯೆಂದು ರಿಪೇರಿಯವನು ಬರೆದುಕೊಟ್ಟು ಹೋಗಿದ್ದಾನೆ. "ಅವನು ಬರೆದುಕೊಟ್ಟಿದಾನಲ್ಲ, ಅದಕ್ಕೇ ನೋಡ್ತಿದೀನಿ" ಎನ್ನುತ್ತಾರೆ.

ಕೆಳಗೆ ಬಾಗಿಲಲ್ಲಿ ಹೊಸ ಯಂತ್ರವೊಂದು ನಿಂತಿದೆ. ಮುಖ ನೋಡಿ ಒಳಗೆ ಬಿಡುವ ಗೇಟು. ಬರುವ ಸೋಮವಾರದಿಂದ ಅದರ ಕೆಲಸ ಶುರು, ಸದ್ಯಕ್ಕೆ ಮೈತುಂಬ ಪ್ಲಾಸ್ಟಿಕ್ ಹೊದ್ದುಕೊಂಡಿದೆ. ಅದರ ಪಕ್ಕ ಹಾಯುವಾಗಲೆಲ್ಲ ಬಿಯುನ್ ಓರೆಗಣ್ಣಿನಿಂದ ನೋಡುತ್ತಾರೆ, ಸವತಿಯನ್ನು ನೋಡುವ ಹಾಗೆ.

"ಇದು ಭೂತಗಳ ತಿಂಗಳು. ಮದುವೆ ಮಾಡಲ್ಲ, ಮನೆ ಬದಲಾಯಿಸಲ್ಲ, ಒಂದು ಸ್ಕೂಟರ್ ಕೂಡ ಕೊಳ್ಳಲ್ಲ ನಾವು. ಇಂಥ ತಿಂಗಳಲ್ಲಿ ಯಾರಾದ್ರೂ ಹೊಸ ಬಾಗಿಲು ಇಡ್ತಾರಾ? ಇವರಿಗೆ ಏನೋ ಅವಸರ ಇದೆ. ಅವಸರ ಇದ್ದಲ್ಲಿ ಏನೋ ಮುಚ್ಚಿಟ್ಟಿರ್ತಾರೆ."

ಗೋಡೆಯ ಮೇಲೆ ಪ್ರಾಂಶುಪಾಲರ ಸ್ವಾಗತಪತ್ರ ಅಂಟಿಸಿದ್ದಾರೆ. ನಮ್ಮ ಕುಟುಂಬಕ್ಕೆ ಮತ್ತೆ ಸ್ವಾಗತ ಎಂದು ಶುರುವಾಗುತ್ತದೆ. ಬಿಯುನ್ ಅದನ್ನು ಮೂರು ಸಲ ಓದಿದ್ದಾರೆ. ಮೂರು ಸಲವೂ ಅವರ ಕಣ್ಣು ನಿಂತದ್ದು 'ಕುಟುಂಬ' ಎಂಬಲ್ಲಿಯೇ.

ಅದಕ್ಕೆ ಕಾರಣವಿದೆ. ಬುದಾಯಿಯ ಕಡಲತೀರದಲ್ಲಿ ಸಿಂಪಿ ಬಿಡಿಸುವವರ ಮನೆಯಲ್ಲಿ ಹುಟ್ಟಿದ ಬಿಯುನ್ ಹದಿನೆಂಟಕ್ಕೆಲ್ಲ ಬೂಟಿನ ಕಾರ್ಖಾನೆ ಸೇರಿದರು. ಸಾಲಿನಲ್ಲಿ ಬರುವ ಬೂಟುಗಳ ಹೊಲಿಗೆಯಲ್ಲಿ ಲೋಪ ಹುಡುಕುವುದು ಅವರ ಕೆಲಸ. ಇಪ್ಪತ್ತೊಂದು ವರ್ಷ ಬರೀ ಲೋಪವನ್ನೇ ಹುಡುಕಿದ ಕಣ್ಣಿಗೆ ಬೆಳ್ಳಗಿರುವುದೆಲ್ಲ ಹಾಲಾಗಿ ಕಾಣುವುದಾದರೂ ಹೇಗೆ? ಕೊನೆಯ ವರ್ಷದ ಊಟದಲ್ಲಿ ಮಾಲೀಕರು ನಾವೆಲ್ಲ ಒಂದೇ ಕುಟುಂಬ ಎಂದು ಕಣ್ಣೊರೆಸಿಕೊಂಡರು. ಆಮೇಲೆ ಇಡೀ ಕೋಳಿ ಬೇಯಿಸಿದ ತಟ್ಟೆ ಬಂತು. ಅದರ ತಲೆ ಬಿಯುನ್ ಕಡೆಗಿತ್ತು.

ಇಲ್ಲಿನ ಕಾರ್ಖಾನೆಗಳ ವರ್ಷದ ಕೊನೆಯ ಊಟದಲ್ಲಿ ಕೋಳಿಯ ತಲೆ ಯಾರ ಕಡೆಗಿರುತ್ತದೋ ಅವರಿಗೆ ನಾಳೆಯಿಂದ ಕೆಲಸವಿಲ್ಲ. ಬಾಯಿಬಿಟ್ಟು ಯಾರೂ ಹೇಳುವುದಿಲ್ಲ, ಹೇಳಬೇಕಾಗಿಯೂ ಇಲ್ಲ. "ಆ ಕೋಳೀನ ತಿಂದೆ ನಾನು" ಎನ್ನುತ್ತಾರೆ ಬಿಯುನ್. "ಹಸಿವಾಗಿತ್ತು. ರುಚಿಯಾಗೂ ಇತ್ತು. ಆ ಸಿಟ್ಟು ಇನ್ನೂ ಇಳಿದಿಲ್ಲ."

ಆಗ ಮೂವತ್ತೊಂಬತ್ತು. ಈಗ ಅರವತ್ತೊಂದು. ನಡುವಿನ ಇಪ್ಪತ್ತೆರಡು ವರ್ಷ ಈ ಬಾಗಿಲಲ್ಲಿ ಕಳೆದಿವೆ. ಎಂಬತ್ತೆರಡು ಕೋಣೆ, ಮುನ್ನೂರ ಇಪ್ಪತ್ತೆಂಟು ಹುಡುಗಿಯರು, ದಿನಕ್ಕೆ ಹನ್ನೊಂದು ಸಲ ಮೆಟ್ಟಿಲು. ಮಕ್ಕಳೆಲ್ಲ ಅವರನ್ನು ಚಿಕ್ಕಮ್ಮ ಎಂದೇ ಕರೆಯುತ್ತಾರೆ, ಬೆನ್ನ ಹಿಂದೆ ಪೊಲೀಸಮ್ಮ ಎನ್ನುತ್ತಾರೆ. ಎರಡೂ ಅವರಿಗೆ ಗೊತ್ತು.

ಏಳೂವರೆಗೆ ಬಂದವಳು ಮೂರನೇ ವರ್ಷದ ವಾನ್‌ಛಿಂಗ್.

"ಅಯ್ಯೋ ಚಿಕ್ಕಮ್ಮ, ಎಷ್ಟು ಸಣ್ಣಗಾಗಿದೀರಿ! ರಜೆಯಲ್ಲಿ ನಿಮ್ಮದೇ ನೆನಪು."

"ಚೀಲ ಬಿಚ್ಚು."

"ಬರೀ ಬಟ್ಟೆ ಚಿಕ್ಕಮ್ಮ, ಆಣೆ!"

"ಆಣೆ ಹಾಕಿದೆಯಾ? ಹಾಗಾದ್ರೆ ಎರಡೂ ಚೀಲ ಬಿಚ್ಚು."

ಚಳಿಗಾಲದ ಕೋಟಿನೊಳಗೆ ಕೂಸಿನಂತೆ ಸುತ್ತಿಟ್ಟಿದ್ದ ವಿದ್ಯುತ್ ಪಾತ್ರೆ ಹೊರಗೆ ಬರುತ್ತದೆ. ಕೋಣೆಯಲ್ಲಿ ಅಡುಗೆ ನಿಷಿದ್ಧ. "ಸೆಪ್ಟೆಂಬರ್ ಸೆಕೆಯಲ್ಲಿ ಕೋಟು ಹೊತ್ಕೊಂಡು ಬರ್ತಾರಾ ಯಾರಾದ್ರೂ? ಓದೋದು ನರ್ಸಿಂಗು, ಕಳ್ಳತನ ಮಾತ್ರ ಬರಲ್ಲ" ಎಂದು ಬಿಯುನ್ ಗೊಣಗುತ್ತಾರೆ. ಪಾತ್ರೆಗೆ ಹೆಸರು ಬರೆದು ಕಪಾಟಿಗೆ ಸೇರಿಸುತ್ತಾರೆ.

ಈ ಅನುಮಾನ ಒಬ್ಬಳ ಜೀವ ಉಳಿಸಿದ್ದೂ ಇದೆ. ಮೂರು ವರ್ಷದ ಹಿಂದೆ ಮೆಟ್ಟಿಲ ಬಳಿ ಒಬ್ಬಳು "ಚೆನ್ನಾಗಿದೀನಿ ಚಿಕ್ಕಮ್ಮ" ಎಂದು ನಕ್ಕು ಮೇಲೆ ಹೋದಳು. ಕೇಳದೇನೇ ಯಾಕೆ ಹೇಳಿದಳು ಎಂದು ಬಿಯುನ್‌ರ ತಲೆಗೆ ಹುಳ ಹೊಕ್ಕಿತು. ಹಿಂದೆಯೇ ಹೋಗಿ ಬಾಗಿಲು ಬಡಿದರು. ಹುಡುಗಿ ಹೊಟ್ಟೆ ಹಿಡಿದುಕೊಂಡು ನೆಲದ ಮೇಲಿದ್ದಳು. ಅಪೆಂಡಿಕ್ಸ್ ಒಡೆಯುವ ಮೊದಲೇ ಆಸ್ಪತ್ರೆ ತಲುಪಿದಳು. ಈ ಕಥೆಯನ್ನು ಬಿಯುನ್ ಹೇಳಿದ್ದಲ್ಲ, ತೋಟ ನೋಡಿಕೊಳ್ಳುವ ಮುದುಕ ಆಹುವೊ ಹೇಳಿದ್ದು.

ಮಕ್ಕಳು ಬಂದ ಮೂರನೇ ದಿನ ಸಿಬ್ಬಂದಿಗೆಲ್ಲ ಸ್ವಾಗತದ ಊಟ. ಬಿಯುನ್‌ರನ್ನು ಇಪ್ಪತ್ತೆರಡು ವರ್ಷದಲ್ಲಿ ಮೊದಲ ಬಾರಿಗೆ ಮುಖ್ಯ ಮೇಜಿಗೆ ಕರೆದಿದ್ದಾರೆ. ಕರೆದವರು ಹಾಸ್ಟೆಲಿನ ಹೊಸ ಅಧಿಕಾರಿ ತಾಂಗ್ ಶಿಹೊಂಗ್. ವಯಸ್ಸು ಮೂವತ್ತಮೂರು, ಆ ಗೇಟನ್ನು ತರಿಸಿದವರೂ ಅವರೇ. ಒಂದು ಪಕ್ಕ ಪ್ರಾಂಶುಪಾಲರಾದ ಲುವೊ ಮೇಡಂ, ಇನ್ನೊಂದು ಪಕ್ಕ ಆಹುವೊ. ಬಿಯುನ್ ಕುರ್ಚಿಯ ತುದಿಯಲ್ಲಿ ಕುಳಿತಿದ್ದಾರೆ.

ಕೋಳಿ ಬರುತ್ತದೆ. ತಾಂಗ್ ಎದ್ದು ನಿಂತು, ಎರಡೂ ಕೈಯಿಂದ ತಟ್ಟೆ ತಿರುಗಿಸಿ, ಅದರ ತಲೆ ನೇರ ಬಿಯುನ್ ಕಡೆಗೆ ಬರುವಂತೆ ಇಟ್ಟು ತಲೆಬಾಗುತ್ತಾರೆ. ಮೇಜಿನ ಸುತ್ತ ಕೈಗಳೆಲ್ಲ ನಿಂತುಬಿಡುತ್ತವೆ.

ಬಿಯುನ್ ಊಟದ ಕಡ್ಡಿ ಕೆಳಗಿಡುತ್ತಾರೆ. ಸೊಂಟದ ಬೀಗದ ಕೈ ಗೊಂಚಲು ಬಿಚ್ಚಿ ಕೋಳಿಯ ಪಕ್ಕ ಇಡುತ್ತಾರೆ. "ಈ ಸಲ ತಿನ್ನಲ್ಲ ಸಾಹೇಬ್ರೆ" ಎನ್ನುತ್ತಾರೆ. "ಕೋಣೆ ಮುನ್ನೂರ ಹನ್ನೆರಡರ ಬೀಗ ಸ್ವಲ್ಪ ಬಿಗಿ. ಮೇಲಕ್ಕೆತ್ತಿ ತಿರುಗಿಸ್ಬೇಕು."

"ಯಾಕೆ ಚಿಕ್ಕಮ್ಮ, ಏನಾಯ್ತು? ಗೌರವಕ್ಕೆ ಅಂತ ಇಟ್ಟೆ ನಾನು!"

"ಮೀನಪ್ಪಾ, ಮೀನು!" ಎಂದು ಆಹುವೊ ಹಣೆ ಚಚ್ಚಿಕೊಳ್ಳುತ್ತಾರೆ. "ದೊಡ್ಡವರ ಕಡೆ ತಿರುಗಿಸೋದು ಮೀನಿನ ತಲೆ! ಕೋಳಿ ತಲೆ ತಿರುಗಿಸಿದ್ರೆ ಮನೆಗೆ ಹೋಗು ಅಂತ!"

ತಾಂಗ್ ಮೇಷ್ಟ್ರ ಮನೆಯ ಮಗ. ಕಾರ್ಖಾನೆಯವರ ಊಟದಲ್ಲಿ ಎಂದೂ ಕುಳಿತವರಲ್ಲ. ಕಿವಿವರೆಗೆ ಕೆಂಪಾಗಿ ತಟ್ಟೆಯನ್ನು ತಮ್ಮ ಕಡೆಗೇ ತಿರುಗಿಸಿಕೊಳ್ಳುತ್ತಾರೆ. ಎಲ್ಲರೂ ಗೊಳ್ಳೆಂದು ನಗುತ್ತಾರೆ. ಬಿಯುನ್ ನಗುವುದಿಲ್ಲ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಅವರು ಇಪ್ಪತ್ತೆರಡು ವರ್ಷದಿಂದ ನೋಡುತ್ತ ಬಂದಿದ್ದಾರೆ. ತಪ್ಪು ತಟ್ಟೆಯದ್ದಷ್ಟೇ ಆಗಿದ್ದರೆ ಈ ಹುಡುಗ ಇಷ್ಟು ಕೆಂಪಾಗಬೇಕಿರಲಿಲ್ಲ.

"ಕೋಳಿ ಹೋಗ್ಲಿ. ಆ ಗೇಟು ಬಂದಿರೋದು ಯಾರ ಜಾಗಕ್ಕೆ, ಅದು ಹೇಳಿ."

ನಗು ನಿಲ್ಲುತ್ತದೆ. ತಾಂಗ್ ಪ್ರಾಂಶುಪಾಲರ ಮುಖ ನೋಡುತ್ತಾರೆ, ಆಮೇಲೆ ನೆಲ ನೋಡುತ್ತಾರೆ. "ಸುಳ್ಳು ಹೇಳೋಕಾಗಲ್ಲ ಚಿಕ್ಕಮ್ಮ. ಜನವರಿಗೆ ನಿಮ್ಮ ಹುದ್ದೆ ತೆಗೆಯೋ ಕಾಗದ ಮೇಜಿನ ಮೇಲಿದೆ. ಬರೆದವನು ನಾನೇ. ಇನ್ನೂ ಸಹಿ ಹಾಕಿಲ್ಲ."

ಅಂತೂ ಸತ್ತ ಕೋಳಿಯೇ ನಿಜ ಹೇಳಿತು. ಅಷ್ಟು ಜನರ ಮುಂದೆ ಸಿಕ್ಕಿಬಿದ್ದ ಮೇಲೆ ಲುವೊ ಮೇಡಂ ಗಂಟಲು ಸರಿಮಾಡಿಕೊಳ್ಳುತ್ತಾರೆ. "ಸಹಿ ಹಾಕೋದು ನಾನು. ಈ ವರ್ಷ ಹಾಕಲ್ಲ. ಬೀಗದ ಕೈ ತಗೊಳ್ಳಿ ಚಿಕ್ಕಮ್ಮ. ಆ ಗೇಟನ್ನೂ ನೀವೇ ನೋಡ್ಕೊಳ್ಳಿ."

"ಬರೆದು ಕೊಡಿ" ಎನ್ನುತ್ತಾರೆ ಬಿಯುನ್. ಬರೆದುಕೊಟ್ಟದ್ದನ್ನು ಮೂರು ಸಲ ಓದಿದ ಮೇಲೆಯೇ ಗೊಂಚಲು ಸೊಂಟಕ್ಕೆ ಮರಳುತ್ತದೆ. ಒಂದು ವರ್ಷ ಎಂದಿದೆ. ಅದರಾಚೆಗೆ ಏನೆಂದು ಕಾಗದದಲ್ಲಿಲ್ಲ, ಅದನ್ನೂ ಅವರು ಗಮನಿಸಿದ್ದಾರೆ.

ಸೋಮವಾರ ಬೆಳಗ್ಗೆ ಗೇಟು ಕಣ್ಣು ತೆರೆಯುತ್ತದೆ. ತಿಂಡಿಗೆ ಹೋಗಿದ್ದ ಹುಡುಗಿಯರು ಮುಖ ತೋರಿಸಿ ಒಬ್ಬೊಬ್ಬರಾಗಿ ಒಳಗೆ ಬರುತ್ತಾರೆ. ಸೋಯಾ ಹಾಲಿನ ಲೋಟ ಹಿಡಿದ ಬಿಯುನ್ ಮುಂದೆ ಬಂದಾಗ ಕೆಂಪು ದೀಪ ಹತ್ತುತ್ತದೆ. "ದಯವಿಟ್ಟು ನಿಲ್ಲಿ. ನಿಮ್ಮ ಗುರುತು ಸಿಗುತ್ತಿಲ್ಲ" ಎಂದು ಯಂತ್ರ ಬಲು ವಿನಯದಿಂದ ಹೇಳುತ್ತದೆ. ತಾಂಗ್ ಓಡಿಬರುತ್ತಾರೆ.

"ಕ್ಷಮಿಸಿ ಚಿಕ್ಕಮ್ಮ! ನಿಮ್ಮ ಮುಖ ಸೇರಿಸೋದು ಮರೆತೇಬಿಟ್ಟಿದ್ವಿ. ಈಗ್ಲೇ ಸೇರಿಸ್ತೀನಿ."

ಮರೆತದ್ದೋ, ಜನವರಿಯ ಲೆಕ್ಕ ಹಾಕಿ ಬಿಟ್ಟದ್ದೋ, ಬಿಯುನ್ ಕೇಳುವುದಿಲ್ಲ. "ಹೊಸ ಮುಖ ಕಲಿಯೋಕೆ ಎಷ್ಟು ಹೊತ್ತು ಬೇಕು ಇದಕ್ಕೆ?" ಎನ್ನುತ್ತಾರೆ.

"ಮೂರು ಸೆಕೆಂಡು."

"ನನಗೆ ಮೂರು ದಿನ ಬೇಕು" ಎನ್ನುತ್ತಾರೆ ಬಿಯುನ್. "ಆದ್ರೆ ಈ ಇಪ್ಪತ್ತೆರಡು ವರ್ಷದಲ್ಲಿ ನಾನು ಒಬ್ಬಳನ್ನೂ ಮರೆತಿಲ್ಲ."