ಅತ್ತೆ ಬರೆದ ತಾತನ ಚಿತ್ರ

ಇವತ್ತು ಬನಶಂಕರಿಯ ನಮ್ಮ ಬೀದಿಯಲ್ಲಿ ಯಾರದೋ ಗೇಟಿಗೆ ಬಣ್ಣ ಹೊಡೀತಿದ್ದರು. ಟರ್ಪೆಂಟೈನ್ ವಾಸನೆ ಮೂಗಿಗೆ ಬಡಿದಿದ್ದೇ ತಡ, ಗಿರಿನಗರದ ಅಜ್ಜಿ ಮನೆಯ ವರಾಂಡಕ್ಕೆ ಹೋಗಿಬಿಟ್ಟೆ.

ತಾತ ತೀರಿಕೊಂಡ ವರ್ಷ ಅವರ ಒಬ್ಬಳೇ ಮಗಳು, ನಮ್ಮ ಅತ್ತೆ, ಅಲ್ಲಿ ಕೂತು ಅವರ ಚಿತ್ರ ಬರೀತಿದ್ದರು. ಪಾಸ್‌ಪೋರ್ಟ್ ಸೈಜಿನ ಹಳೇ ಫೋಟೋ ಒಂದೇ ಆಧಾರ. ಮೂಗು, ಕನ್ನಡಕ ಎಲ್ಲ ಬಂತು. ಕಣ್ಣು ಮಾತ್ರ ಯಾರೋ ಅಪರಿಚಿತರದ್ದು. ಬರೆಯೋದು, ಟರ್ಪೆಂಟೈನ್‌ನಲ್ಲಿ ಅದ್ದಿದ ಹಳೇ ಸೀರೆ ತುಂಡಲ್ಲಿ ಒರೆಸೋದು, ಮತ್ತೆ ಬರೆಯೋದು. ವಾರವೆಲ್ಲ ಹೀಗೇ ನಡೆದು, ಒಂದು ಮಧ್ಯಾಹ್ನ ಬ್ರಷ್ ಎಸೆದು ಅತ್ತುಬಿಟ್ಟರು.

"ಅಪ್ಪನ ಮುಖಾನೇ ಮರೆತುಹೋಗಿದೆ ನಂಗೆ, ಅಮ್ಮ."

ಅವರೆಕಾಯಿ ಬಿಡಿಸುತ್ತಿದ್ದ ಅಜ್ಜಿ ಎದ್ದು ಬಂದು ಚಿತ್ರ ನೋಡಿದರು.

"ಮರೆತಿಲ್ಲ ಕಣೇ. ಅವರು ಯಾವತ್ತು ನಮ್ಮನ್ನ ನೆಟ್ಟಗೆ ನೋಡಿದ್ರು? ಯಾವಾಗಲೂ ಪೇಪರ್ ಓದ್ತಾನೇ ಇರ್ತಿದ್ರಲ್ಲ."

ಅಳುತ್ತಲೇ ಅತ್ತೆ ನಕ್ಕರು. ಆಮೇಲೆ ತಾತನ ರೆಪ್ಪೆ ಕೆಳಗಿಳಿಸಿ, ಕೈಗೊಂದು ಪೇಪರ್ ಬರೆದುಕೊಟ್ಟರು. ಸಂಜೆ ಅಜ್ಜಿ ಚಿತ್ರದ ಮುಂದೆ ನಿಂತು, "ಕಾಫಿ ಆರಿಹೋಗತ್ತೆ, ಕುಡೀರಿ" ಅಂದಿದ್ದು ನನಗೊಬ್ಬಳಿಗೇ ಕೇಳಿಸಿತು.

ಆ ಚಿತ್ರ ಈಗ ನಮ್ಮ ಮನೆಯ ಗೋಡೆ ಮೇಲಿದೆ. ಒರೆಸಿ ಒರೆಸಿ ಕಣ್ಣಿನ ಹತ್ತಿರ ಬಣ್ಣ ಮಸುಕಾಗಿದೆ. ಮೊನ್ನೆ ಹೊಸ ಫ್ರೇಮ್ ಹಾಕಿದವರು, "ಇದನ್ನ ಸರಿಮಾಡಿಸಿಬಿಡಿ ಮೇಡಂ" ಅಂದರು. ಬೇಡ ಅಂದೆ.