ನಡುವಿನ ಹದಿನಾಲ್ಕು ಫಾರಂ

ನನ್ನ ಸೋದರಮಾವನನ್ನು ಇಡೀ ಬೀದಿ ಅಂಟು ಮಾವ ಎಂದು ಕರೆಯುತ್ತಿತ್ತು. ನಲವತ್ತು ವರ್ಷ ಪುಸ್ತಕಗಳಿಗೆ ರಟ್ಟು ಕಟ್ಟಿದ ಜೀವ. ಅಂಗಡಿ ಎಂದರೆ ಒಂದೇ ಕೋಣೆ. ಕಿಟಕಿಯ ಕೆಳಗೆ ಹೊಲಿಗೆಯ ಚೌಕಟ್ಟು, ಮೂಲೆಯಲ್ಲಿ ಪುಸ್ತಕ ಒತ್ತುವ ಕಬ್ಬಿಣದ ಯಂತ್ರ, ಸ್ಟವ್ ಮೇಲೆ ಮೈದಾ ಅಂಟಿನ ಪಾತ್ರೆ. ಉಳಿದ ಬೈಂಡರುಗಳೆಲ್ಲ ಬಿಳಿ ಗೋಂದಿನ ಡಬ್ಬ ಹಿಡಿದಾಗಲೂ ಮಾವ ಬೆಳಿಗ್ಗೆ ಮೈದಾ ಕದಡಿ ಕುದಿಸುವುದನ್ನು ಬಿಡಲಿಲ್ಲ.

"ಲೋಕ ಎಲ್ಲಿಗೋ ಹೋಯ್ತು, ನೀವಿನ್ನೂ ಗಂಜಿ ಕಾಯಿಸ್ತಾ ಕೂತಿದ್ದೀರಿ" ಎಂದು ನಾನು ರೇಗುತ್ತಿದ್ದೆ.

"ಇವತ್ತು ನಾವು ಅಂಟಿಸಿದ್ದನ್ನ ಮುಂದೆ ಯಾರೋ ಬಿಡಿಸಬೇಕಾಗುತ್ತೆ, ಅಳಿಯ. ಅವನ ಕೈಲಿ ಬೈಸಿಕೊಳ್ಳೋದು ನಂಗೆ ಬೇಡ."

ನಾನು ಐದನೇ ಕ್ಲಾಸಿಗೇ ಶಾಲೆಗೆ ಶರಣು ಹೊಡೆದವನು. ಮಾವನ ಓದೂ ಅಷ್ಟೇ. ಆದರೆ ಅವರು ಅಂಟು ಒಣಗುವವರೆಗೆ ಕೈಗೆ ಬಂದ ಪುಸ್ತಕವನ್ನು ಓದುತ್ತ ಕೂರುತ್ತಿದ್ದರು. ಪಾದ್ರಿಗಳ ಕಾಲೇಜಿನ ಪುಸ್ತಕಗಳೆಲ್ಲ ನಮ್ಮಲ್ಲಿಗೇ ಬರುತ್ತಿದ್ದುದರಿಂದ ಅವರ ತಲೆಯಲ್ಲಿ ಅರ್ಧ ಕಾಲೇಜು ಇತ್ತು.

ನನಗಾಗ ಮೂವತ್ತು. ಮೂಗಿನ ತುದಿಯಲ್ಲೇ ಕೋಪ; ಈಗಲೂ ಅದು ಅಲ್ಲಿಂದ ಇಳಿದಿಲ್ಲ. ಎದುರು ಸಾಲಿನ ಟೈಲರಮ್ಮ ತನ್ನ ತಾಯಿಯ ಬೈಬಲ್ ತಂದುಕೊಟ್ಟಳು. ಬೆನ್ನು ಕಳಚಿ, ದಾರ ಪಿಸಿದು, ಹಾಳೆಗಳು ಜೋಲುತ್ತಿದ್ದವು. "ಅಮ್ಮಂಗೆ ಒಂದು ಕಣ್ಣು ಪೂರ್ತಿ ಹೋಗಿದೆ, ಇನ್ನೊಂದು ಹೋಗ್ತಾ ಇದೆ. ಬೆಳಕು ಚೆನ್ನಾಗಿರೋ ಹೊತ್ತಲ್ಲಿ ಮಾತ್ರ ಸ್ವಲ್ಪ ಕಾಣುತ್ತೆ. ಬೇಗ ಮಾಡಿಕೊಡಪ್ಪ" ಎಂದಳು. ಮಾವ ಜ್ವರದಿಂದ ಮನೆಯಲ್ಲಿ ಮಲಗಿದ್ದರು.

ನಾನು ಹೊಲಿಗೆ ಬಿಚ್ಚಿ ಫಾರಂಗಳನ್ನು, ಅಂದರೆ ಮಡಿಸಿದ ಹಾಳೆಗಳ ಕಟ್ಟುಗಳನ್ನು, ಸಾಲಾಗಿ ಇಟ್ಟೆ. ಹಳೆ ಒಡಂಬಡಿಕೆ ಮುಗಿಯಿತು. ಹೊಸದು ಶುರುವಾಗಬೇಕಾದಲ್ಲಿ ನಾನು ಕೇಳಿಯೇ ಇರದ ಹೆಸರುಗಳು: ತೋಬೀತ, ಯೂದಿತ, ಮಕ್ಕಬಿಯರು. ನಮ್ಮ ಚರ್ಚಿನಲ್ಲಿ ಚಿಕ್ಕಂದಿನಲ್ಲೇ ಬೆರಳು ಮಡಿಸಿ ಕಲಿಸಿದ ಲೆಕ್ಕ ಅರವತ್ತಾರು ಪುಸ್ತಕ. ಇವು ಅದರಲ್ಲಿಲ್ಲ. ಬೈಂಡಿಂಗ್ ಅಂಗಡಿಯಲ್ಲಿ ಒಂದು ಪುಸ್ತಕದ ಫಾರಂ ಇನ್ನೊಂದಕ್ಕೆ ಸೇರಿಕೊಳ್ಳುವುದು ಹೊಸದಲ್ಲ. ಹಿಂದೆ ಕಟ್ಟಿದ ಯಾವನೋ ದಡ್ಡ ಬೇರೆ ಪುಸ್ತಕವನ್ನು ಇಲ್ಲಿ ತುರುಕಿದ್ದಾನೆ ಎಂದು ಅವನಿಗೆ ಮನಸಾರೆ ಬೈದು, ಹದಿನಾಲ್ಕು ಫಾರಂಗಳನ್ನೂ ರದ್ದಿಗೆ ಎಸೆದೆ. ರದ್ದಿ ಎಂದರೆ ನಮ್ಮಲ್ಲಿ ಕಸವಲ್ಲ. ಬೇರೆ ಪುಸ್ತಕಗಳ ಬೆನ್ನಿಗೆ ಒಳಗಿನಿಂದ ಅಂಟಿಸಲು ಗಟ್ಟಿ ಹಾಳೆ ಬೇಕಲ್ಲ, ಅದಕ್ಕೆ.

ಮೂರನೆಯ ದಿನ ಮಾವ ಬಂದರು. ಹಿಂದೆಯೇ ಟೈಲರಮ್ಮ.

"ಅಮ್ಮ ಒಂದೇ ಸಮ ಕೇಳ್ತಿದ್ದಾಳೆ. ತೋಬೀತನ ಪುಟ ಹುಷಾರಾಗಿದೆ ತಾನೇ? ಅದರ ಅಂಚಿನಲ್ಲಿ ಪೆನ್ಸಿಲಲ್ಲಿ ಬರೆದಿದ್ದಾಳೆ. ನನಗಿಂತ ಮುಂಚೆ ಒಂದು ಗಂಡುಮಗು ಹುಟ್ಟಿತ್ತು. ಎರಡೇ ದಿನ ಇತ್ತು. ದೀಕ್ಷಾಸ್ನಾನ ಆಗಿರಲಿಲ್ಲ ಅಂತ ಚರ್ಚಿನ ದಾಖಲೆಗೆ ಸೇರಿಸಲಿಲ್ಲ. ಅದು ಹುಟ್ಟಿತ್ತು ಅನ್ನೋದಕ್ಕೆ ಇರೋದು ಅದೊಂದೇ ಬರಹ. ಕಣ್ಣು ಹೋಗೋದರೊಳಗೆ ಒಂದ್ಸಲ ನೋಡಬೇಕಂತೆ."

ಮಾವ ನನ್ನ ಮುಖ ನೋಡಿದರು, ರದ್ದಿ ಪೆಟ್ಟಿಗೆ ನೋಡಿದರು. "ಶನಿವಾರ ನಾವೇ ತಂದುಕೊಡ್ತೀವಿ, ತಾಯಿ" ಎಂದು ಅವಳನ್ನು ಕಳಿಸಿದರು.

ಪೆಟ್ಟಿಗೆಯಲ್ಲಿ ಹದಿಮೂರು ಫಾರಂ ಇಡಿಯಾಗಿ ಸಿಕ್ಕವು. ಉಳಿದ ಒಂದರಲ್ಲಿ, ತೋಬೀತನದರಲ್ಲೇ, ಒಂದು ಹಾಳೆ ಇಲ್ಲ. ಅದನ್ನು ಹಿಂದಿನ ದಿನವಷ್ಟೇ ಶಾಲೆಯ ಮೇಷ್ಟ್ರ ನಿಘಂಟಿನ ಬೆನ್ನಿಗೆ ಅಂಟಿಸಿದ್ದೆ. ಅಗಲ ಹೆಚ್ಚಾಯಿತೆಂದು ಅಂಚಿನಿಂದ ಒಂದು ಪಟ್ಟಿಯನ್ನೂ ಕತ್ತರಿಸಿದ್ದೆ.

"ಪೆನ್ಸಿಲ್ ಬರಹ ಕಾಣಲಿಲ್ವಾ?"

"ಕಂಡಿತ್ತು. ಯಾರೋ ಗೀಚಿದ್ದಾರೆ ಅಂದ್ಕೊಂಡೆ. ಇಲ್ದೇ ಇರೋ ಪುಸ್ತಕನ ಬೈಬಲಿಗೆ ಸೇರಿಸಿದ್ದು ಅವರ ತಪ್ಪು!" ನಾನು ಕೂಗಾಡಿದೆ. ಹೆದರಿಕೆಯಾದಾಗ ನನ್ನ ಗಂಟಲು ಹೀಗೇ ಏರುತ್ತದೆ.

"ಕೂಗಿದ್ರೆ ಅಂಟು ಬಿಡಲ್ಲ. ನೀರು ಕಾಯಿಸು."

ಬಿಳಿ ಗೋಂದಾಗಿದ್ದರೆ ಅಲ್ಲಿಗೇ ಕತೆ ಮುಗಿಯುತ್ತಿತ್ತು. ಮೈದಾ ಅಂಟಾದ್ದರಿಂದ ಮಾವ ಒದ್ದೆ ಬಟ್ಟೆ ಹಾಕಿ, ಆವಿ ಹಿಡಿದು, ಹಾಳೆ ಮಡಿಸುವ ಮೂಳೆಯ ಪಟ್ಟಿಯಿಂದ ಕೂದಲೆಳೆಯಷ್ಟಷ್ಟೇ ಬಿಡಿಸುತ್ತ ಹೋದರು. ನಾನು ರದ್ದಿಯ ಚೂರುಗಳಲ್ಲಿ ಕತ್ತರಿಸಿದ ಅಂಚನ್ನು ಹುಡುಕಿದೆ.

"ಅದ್ಯಾಕೆ ಮಾವ ನಮ್ಮ ಬೈಬಲಲ್ಲಿ ಇವಿಲ್ಲ? ಯಾವನು ಕಿತ್ತು ಹಾಕಿದ್ದು?"

"ನಿನ್ನ ಥರ ಒಬ್ಬನೇ ಒಂದು ದಿನ ಕೂತು ಕಿತ್ತದ್ದಲ್ಲ. ಇವು ಯೆಹೂದ್ಯರ ಹೀಬ್ರೂ ಗ್ರಂಥದಲ್ಲಿ ನಿಲ್ಲಲಿಲ್ಲ. ಗ್ರೀಕ್ ಭಾಷೆಯಲ್ಲಿ ಬಂದವು. ಮೊದಲಿನ ಕ್ರೈಸ್ತರು ಓದ್ತಿದ್ದದ್ದು ಗ್ರೀಕೇ. ಅದಕ್ಕೆ ಕೆಲವರು ಇವೂ ಬೇಕು ಅಂದ್ರು, ಕೆಲವರು ಓದೋಕೆ ಒಳ್ಳೇದು, ಅಷ್ಟೇ ಅಂದ್ರು. ಸಾವಿರ ವರ್ಷಕ್ಕೂ ಮೇಲೆ ಎಳೆದಾಟ. ಚರ್ಚು ಒಡೆದಾಗ ಪೋಪರ ಕಡೆಯವರು ಹಾಗೇ ಇಟ್ಕೊಂಡ್ರು, ನಮ್ಮ ಕಡೆಯವರು ಬೇರೆ ಮಾಡಿ ನಡುವೆ ಇಟ್ರು. ಆಮೇಲೆ, ಇನ್ನೂರು ವರ್ಷದ ಹಿಂದೆ, ಅಚ್ಚು ಹಾಕೋರು ಜಗಳ ಮಾಡಿ ನಡುವಿನದನ್ನ ಹಾಕೋದೇ ನಿಲ್ಲಿಸಿದ್ರು. ಟೈಲರಮ್ಮನ ತಾಯಿ ಹುಟ್ಟಿದ್ದು ಆ ಕಡೆ, ಮದುವೆಯಾಗಿ ಬಂದದ್ದು ಈ ಕಡೆ; ತವರಿನವರು ಇವನ್ನ ನಡುವೆ ಸೇರಿಸಿ ಹೊಲಿಸಿ ಕೊಟ್ಟಿರಬೇಕು."

"ಅಂದ್ರೆ ಎಲ್ಲಾ ಬರಹಾನೂ ಸೇರಿಸಬೇಕಿತ್ತಾ?"

"ಹಾಗಂದವರಾರು? ಅಪೊಸ್ತಲರು ಸತ್ತು ಎಷ್ಟೋ ವರ್ಷದ ಮೇಲೆ ಅವರ ಹೆಸರು ಹಾಕ್ಕೊಂಡು ಸುವಾರ್ತೆ ಬರೆದವರಿದ್ರು. ಎಲ್ಲಾ ಸಭೆಗಳಲ್ಲೂ ಅವನ್ನ ಓದ್ತಿರಲಿಲ್ಲ. ಅವು ಹೊರಗೇ ಉಳಿದವು. ಪಟ್ಟಿ ಬೇಕು ಅಳಿಯ, ಬೇಡ ಅನ್ನಲ್ಲ. ಆದ್ರೆ ಪಟ್ಟಿ ಮಾಡೋನು ಮೊದಲು ಓದಬೇಕು. ನೀನು ಓದಿದ್ಯಾ?"

ನಾನು ಮತ್ತೆ ಚೂರುಗಳನ್ನು ಕೆದಕತೊಡಗಿದೆ.

ಸಂಜೆಯ ಹೊತ್ತಿಗೆ ಹಾಳೆ ಹರಿಯದೆ ಬಂತು. ಅಂಚಿನ ಚೂರು ಸಿಗಲಿಲ್ಲ. ಬೆಳಿಗ್ಗೆ ಕಸ ಗುಡಿಸಿ ಬೀದಿಯಲ್ಲಿ ಸುಟ್ಟುಬಿಟ್ಟಿದ್ದೆ; ಅದರಲ್ಲೇ ಹೋಗಿರಬೇಕು. ಪೆನ್ಸಿಲಿನ ಎರಡು ಸಾಲು ಮಬ್ಬಾಗಿ ಉಳಿದಿದ್ದವು: "ಗಂಡುಮಗು. ಎರಡು ದಿನ." ಮೂರನೆಯ ಸಾಲು ಕತ್ತರಿಗೆ ಹೋಗಿತ್ತು. ಮಾವ ಅಲ್ಲಿಗೆ ತೆಳು ಕಾಗದದ ತೇಪೆ ಹಾಕಿ, ಎಲ್ಲ ಹದಿನಾಲ್ಕನ್ನೂ ಅವುಗಳ ಜಾಗದಲ್ಲೇ ಹೊಲಿದರು.

ಶನಿವಾರ ಬೆಳಿಗ್ಗೆ ನಾವಿಬ್ಬರೂ ಹೋದೆವು. ಮುದುಕಿ ಕಿಟಕಿಯ ಬಳಿ ಕುರ್ಚಿಯಲ್ಲಿದ್ದಳು. ಪುಟ ತೆರೆದು ಕೊಟ್ಟೆವು. ಮುಖವನ್ನು ಹಾಳೆಗೆ ತಾಗುವಷ್ಟು ಹತ್ತಿರ ತಂದು ಬಹಳ ಹೊತ್ತು ನೋಡಿದಳು. ಆಮೇಲೆ ಬೆರಳು ತೇಪೆಯ ಮೇಲೆ ನಿಂತಿತು.

"ಇಲ್ಲಿ ಇನ್ನೊಂದು ಮಾತಿತ್ತಲ್ಲ?"

ಮಾವ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ. "ನಾನು ಕತ್ತರಿಸಿಬಿಟ್ಟೆ, ಅಜ್ಜಿ. ಈ ಪುಸ್ತಕಗಳು ಬೈಬಲಿನವಲ್ಲ ಅಂದ್ಕೊಂಡು ರದ್ದಿಗೆ ಹಾಕಿದ್ದೆ." ಬೈಯಲಿ, ಹೊಡೆಯಲಿ ಎಂದು ನಿಂತೆ.

"ನಮ್ಮತ್ತೇನೂ ಹಾಗೇ ಅಂದಿದ್ರು, ಈ ಪುಸ್ತಕ ನಮ್ಮದಲ್ಲ ಅಂತ" ಎಂದಳು. "ಅದಕ್ಕೇ ಇಲ್ಲಿ ಬರೆದೆ. ಈ ಮನೇಲಿ ಯಾರೂ ತೆಗೆದು ನೋಡದ ಪುಟ ಅಂದ್ರೆ ಇದೇ." ತೇಪೆಯನ್ನು ಬೆರಳಿಂದ ಸವರಿ, "ಅಪ್ಪನ ಥರ ಕಿವಿ. ಅಷ್ಟೇ ಬರೆದಿದ್ದು" ಎಂದಳು.

ಟೈಲರಮ್ಮ ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ ತಂದು ಮಾವನ ಕಡೆ ಚಾಚಿದಳು. ಮಾವ ಅದನ್ನು ನನಗೆ ಕೊಟ್ಟರು.

ನನ್ನ ಅಕ್ಷರ ಕೋಳಿ ಕೆದಕಿದ ಹಾಗೆ. ಕುರ್ಚಿಯ ಪಕ್ಕ ಮಂಡಿಯೂರಿ, ತೇಪೆಯ ಮೇಲೆ, ಒಂದೊಂದೇ ಅಕ್ಷರವಾಗಿ ಬರೆದೆ. ಮುಗಿಯುವವರೆಗೆ ಮುದುಕಿಯ ಬೆರಳು ಹಾಳೆಯನ್ನು ಅಲುಗದಂತೆ ಹಿಡಿದುಕೊಂಡಿತ್ತು.